ಕಾಲೇಜಿನ ಸಂಘಗಳು ಮತ್ತು ವಿದ್ಯಾರ್ಥಿಗಳ ಪಾಲು

ಕರ್ನಾಟಕದ ಯಾವುದೇ ಸಾಧಾರಣ ಪದವಿ ಕಾಲೇಜಿನ ಸೂಚನಾ ಫಲಕದಲ್ಲಿ ಹತ್ತಾರು ಸಂಘಗಳ ಹೆಸರುಗಳು ಕಾಣುತ್ತವೆ. ಕನ್ನಡ ಸಂಘ, ವಾಣಿಜ್ಯ ಸಂಘ, ವಿಜ್ಞಾನ ಸಂಘ, ಇತಿಹಾಸ ಸಂಘಗಳು ಪಾಠದ ವಿಷಯವನ್ನು ಹಿಡಿದು ಹುಟ್ಟಿದವು. ನಾಟಕ, ಸಂಗೀತ, ಚರ್ಚೆ, ಚಾರಣಗಳ ಕೂಟಗಳು ಅಭಿರುಚಿಯನ್ನು ಹಿಡಿದು ಬೆಳೆದವು. ಎನ್‌ಸಿಸಿ, ಎನ್‌ಎಸ್‌ಎಸ್, ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಘಟಕಗಳು ಕಾಲೇಜಿನ ಹೊರಗಿರುವ ದೊಡ್ಡ ಸಂಸ್ಥೆಗಳ ಕೊಂಬೆಗಳು. ಇವೆಲ್ಲಕ್ಕಿಂತ ಬೇರೆಯಾದದ್ದು ಎಲ್ಲ ವಿದ್ಯಾರ್ಥಿಗಳ ಪರವಾಗಿ ಆಡಳಿತದ ಜೊತೆ ಮಾತಾಡುವ ವಿದ್ಯಾರ್ಥಿ ಸಂಘ, ಅಥವಾ ಯೂನಿಯನ್. ರಾಜಕೀಯ ಪಕ್ಷಗಳ ಒಲವುಳ್ಳ ವಿದ್ಯಾರ್ಥಿ ಸಂಘಟನೆಗಳು ಕಾಲೇಜಿನ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಕಾಲೇಜಿನ ಗೇಟಿನ ಬಳಿ ಖಂಡಿತ ಇರುತ್ತವೆ. ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಇಷ್ಟೂ ಒಟ್ಟಿಗೆ ಎದುರಾಗುತ್ತವೆ. ಯಾವುದು ಏನು ಮಾಡುತ್ತದೆ, ಯಾರು ನಡೆಸುತ್ತಾರೆ, ಸೇರಿದರೆ ಏನು ಕಲಿಯಬಹುದು ಎಂಬ ತಿಳಿವಳಿಕೆ ಮಾತ್ರ ಪ್ರವೇಶದ ಅರ್ಜಿಯ ಜೊತೆ ಸಿಗುವುದಿಲ್ಲ.

ವಿದ್ಯಾರ್ಥಿಗಳು ಗುಂಪುಗೂಡುವುದು ವಿಶ್ವವಿದ್ಯಾನಿಲಯದಷ್ಟೇ ಹಳೆಯದು. ಮಧ್ಯಯುಗದ ಇಟಲಿಯ ಬೊಲೊನ್ಯಾದಲ್ಲಿ ದೂರದೂರುಗಳಿಂದ ಬಂದ ವಿದ್ಯಾರ್ಥಿಗಳೇ ಕೂಟ ಕಟ್ಟಿಕೊಂಡು ಅಧ್ಯಾಪಕರನ್ನು ನೇಮಿಸಿಕೊಳ್ಳುತ್ತಿದ್ದರು, ತಡವಾಗಿ ಬಂದ ಅಧ್ಯಾಪಕರಿಗೆ ದಂಡವನ್ನೂ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ಯೂನಿಯನ್ 1815ರಲ್ಲಿ, ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿ ಚರ್ಚಾಕೂಟಗಳಾಗಿ ಶುರುವಾದವು. ಆ ಮಾದರಿ ಭಾರತಕ್ಕೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಕಲ್ಕತ್ತದ ಹಿಂದೂ ಕಾಲೇಜಿನಲ್ಲಿ ಹೆನ್ರಿ ಡಿರೋಜಿಯೊ ಎಂಬ ಹರೆಯದ ಅಧ್ಯಾಪಕ 1828ರ ಸುಮಾರಿಗೆ ತನ್ನ ಶಿಷ್ಯರನ್ನು ಸೇರಿಸಿ ಅಕಾಡೆಮಿಕ್ ಅಸೋಸಿಯೇಷನ್ ಆರಂಭಿಸಿದ. ಜಾತಿ, ಮೂರ್ತಿಪೂಜೆ, ಸ್ತ್ರೀಯರ ಸ್ಥಿತಿ ಯಾವುದೂ ಅಲ್ಲಿ ಚರ್ಚೆಗೆ ಹೊರತಾಗಿರಲಿಲ್ಲ. ಊರ ಹಿರಿಯರು ಬೆಚ್ಚಿದರು, 1831ರಲ್ಲಿ ಡಿರೋಜಿಯೊ ಕೆಲಸ ಬಿಡಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಅವನ ಶಿಷ್ಯರು ಬಂಗಾಳದ ಸಾರ್ವಜನಿಕ ಜೀವನದಲ್ಲಿ ದಶಕಗಳ ಕಾಲ ಕಾಣಿಸಿಕೊಂಡರು.

ಮುಂಬಯಿಯ ಉದಾಹರಣೆ ಇನ್ನೂ ಮುಖ್ಯವಾದದ್ದು. ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು 1848ರಲ್ಲಿ ವಿದ್ಯಾರ್ಥಿಗಳ ಸಾಹಿತ್ಯ ಮತ್ತು ವಿಜ್ಞಾನ ಸಂಘವನ್ನು ಕಟ್ಟಿದರು. ದಾದಾಭಾಯಿ ನವರೋಜಿ ಅದರ ಮುಂಚೂಣಿಯಲ್ಲಿದ್ದವರು. ಪ್ರಬಂಧ ಓದುವುದು, ಚರ್ಚಿಸುವುದು ಎಂದು ಆರಂಭವಾದ ಸಂಘ ಮರಾಠಿ ಮತ್ತು ಗುಜರಾತಿ ಶಾಖೆಗಳನ್ನು ತೆರೆದು ಇಂಗ್ಲಿಷ್ ಬಾರದ ಜನರಿಗೂ ಉಪನ್ಯಾಸ ಏರ್ಪಡಿಸಿತು. 1849ರಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನೂ ತೆರೆಯಿತು. ಸಂಬಳ ಕೊಡಲು ಹಣವಿರಲಿಲ್ಲವಾದ್ದರಿಂದ ಸಂಘದ ಸದಸ್ಯರೇ ಬಿಡುವಿನಲ್ಲಿ ಹೋಗಿ ಪಾಠ ಹೇಳಿದರು. ಸ್ತ್ರೀ ಶಿಕ್ಷಣ ಅಗತ್ಯವೋ ಅಲ್ಲವೋ ಎಂದು ಚರ್ಚಿಸಿ ಗೊತ್ತುವಳಿ ಬರೆದು ಎದ್ದು ಹೋಗಿದ್ದರೆ ಆ ಸಂಘದ ಹೆಸರನ್ನು ಇಂದು ಯಾರೂ ಎತ್ತುತ್ತಿರಲಿಲ್ಲ. ಕೆಲಸವನ್ನು ಬೇರೆಯವರಿಗೆ ವಹಿಸದೆ ಸದಸ್ಯರೇ ಹೊತ್ತುಕೊಂಡರು ಎಂಬುದರಲ್ಲಿ ಅದರ ಹಿರಿಮೆಯಿದೆ. ಕಾಲೇಜಿನ ಯಾವ ಸಂಘವನ್ನಾದರೂ ಅಳೆಯಲು ಇದೇ ತಕ್ಕ ಅಳತೆ.

ಕನ್ನಡನಾಡಿನಲ್ಲಿ ಈ ಅಳತೆಗೆ ನಿಲ್ಲುವ ಮೊದಲ ದೊಡ್ಡ ಹೆಸರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ್ದು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಗಿತ್ತು. ಅದಕ್ಕೆ ಒಂದು ವರ್ಷ ಮೊದಲು ಕನ್ನಡ ಸಾಹಿತ್ಯ ಪರಿಷತ್ತು ಆರಂಭವಾಗಿತ್ತು. ಆದರೆ ಕಾಲೇಜಿನೊಳಗೆ ಪಾಠ, ಭಾಷಣ, ಪತ್ರವ್ಯವಹಾರ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತಿದ್ದವು. ವಿಜ್ಞಾನ ಓದುವ ಹುಡುಗರು ಕನ್ನಡದಲ್ಲಿ ಒಂದು ಪುಟ ಬರೆಯಲು ಹಿಂಜರಿಯುತ್ತಿದ್ದ ಕಾಲ ಅದು. ಅಧ್ಯಾಪಕರಾಗಿದ್ದ ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಅಲ್ಲಿಯ ಸಂಘ ಕನ್ನಡದಲ್ಲಿ ಭಾಷಣ, ಚರ್ಚೆಗಳನ್ನು ನಡೆಸಿತು, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಎಂಬ ತ್ರೈಮಾಸಿಕವನ್ನು ಹೊರತಂದಿತು. ಕಾಲೇಜಿನ ಸಂಘವೊಂದರ ಪತ್ರಿಕೆ ಇಡೀ ನಾಡಿನ ವಿದ್ವತ್ತಿನ, ಸೃಜನಶೀಲ ಬರವಣಿಗೆಯ ವೇದಿಕೆಯಾಗಿ ಬೆಳೆಯಿತು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು. ಲೇಖನ ಬೇಡಿ ತರುವುದು, ಚಂದಾ ಕೂಡಿಸುವುದು, ಕರಡು ತಿದ್ದುವುದು, ಅಚ್ಚುಕೂಟಕ್ಕೆ ಅಲೆಯುವುದು ಇಂಥ ಪತ್ರಿಕೆಯ ಹಿಂದಿನ ಕೆಲಸಗಳು. ಯಾವ ಪಠ್ಯಕ್ರಮದಲ್ಲೂ ಇಲ್ಲದ ಈ ಕೆಲಸಗಳಲ್ಲೇ ಹೊಸಗನ್ನಡದ ಗದ್ಯಕ್ಕೆ ಒಂದು ತಲೆಮಾರು ತಯಾರಾಯಿತು.

ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಕರ್ನಾಟಕ ಸಂಘ ಹೀಗೆಯೇ ಬೆಳೆಯಿತು. ಅಲ್ಲಿಂದ ‘ಕಿರಿಯ ಕಾಣಿಕೆ’ಯಂಥ ಕವನ ಸಂಕಲನ ಹೊರಬಂದಿತು. ಕುವೆಂಪು ಆ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದದ್ದು 1920ರ ದಶಕದಲ್ಲಿ, ಅಂದರೆ ಇಂಥ ಚಟುವಟಿಕೆ ಮೈತುಂಬಿಕೊಂಡಿದ್ದ ದಿನಗಳಲ್ಲಿ. ಅರ್ಧ ಶತಮಾನದ ನಂತರ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ಅದೇ ಹಾದಿಯಲ್ಲಿ ನಡೆಯಿತು. ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಚಿ. ಶ್ರೀನಿವಾಸರಾಜು ಅಂತರಕಾಲೇಜು ಕವನ ಸ್ಪರ್ಧೆಗಳನ್ನು ನಡೆಸಿ, ಆಯ್ದ ಕವನಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಹೊಸಬರ ಮೊದಲ ಪುಸ್ತಕಗಳನ್ನು ಸಂಘದ ಹೆಸರಿನಲ್ಲೇ ಹೊರತಂದರು. ಕನ್ನಡ ಮನೆಮಾತಲ್ಲದವರೇ ಹೆಚ್ಚಿದ್ದ ನಗರದ ಒಂದು ಖಾಸಗಿ ಕಾಲೇಜು ಕನ್ನಡ ಪುಸ್ತಕಗಳ ಪ್ರಕಾಶಕನಾಗಿ ಹೆಸರು ಪಡೆದದ್ದು ಒಂದು ಸಂಘದ ಮೂಲಕ. ಇಂದು ಹೆಸರಾದ ಅನೇಕ ಲೇಖಕರ ಬರಹ ಮೊದಲು ಬೆಳಕು ಕಂಡದ್ದು ಕಾಲೇಜಿನ ಭಿತ್ತಿಪತ್ರಿಕೆ ಅಥವಾ ವಾರ್ಷಿಕ ಸಂಚಿಕೆಯಲ್ಲಿ.

ಸಾಹಿತ್ಯ ಸಂಘಗಳು ತಾವಾಗಿ ಹುಟ್ಟಿದವು, ಸರ್ಕಾರ ಅವನ್ನು ಕಟ್ಟಲಿಲ್ಲ. ಎನ್‌ಸಿಸಿಯ ಕಥೆ ಬೇರೆ. ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ನೇಮಕವಾದ ಸಮಿತಿ ಶಿಫಾರಸು ಮಾಡಿದ ಮೇಲೆ, 1948ರ ಕಾಯ್ದೆಯ ಮೂಲಕ ಅದು ಅಸ್ತಿತ್ವಕ್ಕೆ ಬಂತು. ಮರುವರ್ಷ ಹುಡುಗಿಯರ ವಿಭಾಗ, ಆಮೇಲೆ ವಾಯು ಮತ್ತು ನೌಕಾ ವಿಭಾಗಗಳು ಸೇರಿದವು. 1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. ಐದು ವರ್ಷಗಳಲ್ಲೇ, 1968ರಲ್ಲಿ, ಆ ಕಡ್ಡಾಯವನ್ನು ಕೈಬಿಡಲಾಯಿತು. ಮನಸ್ಸಿಲ್ಲದವರನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರೆ ಶಿಸ್ತು ಬರುವುದಿಲ್ಲ, ಹಾಜರಿ ಮಾತ್ರ ಬರುತ್ತದೆ. ಈಗ ಇಚ್ಛೆಯಿಂದ ಸೇರುವ ಕೆಡೆಟ್‌ಗಳು ಬೆಳಗಿನ ಕವಾಯತು, ನಕಾಶೆ ಓದುವಿಕೆ, ಗುರಿಹೊಡೆತ, ವಾರ್ಷಿಕ ಶಿಬಿರಗಳನ್ನು ಮುಗಿಸಿ ‘ಬಿ’ ಮತ್ತು ‘ಸಿ’ ಪ್ರಮಾಣಪತ್ರಗಳ ಪರೀಕ್ಷೆ ಬರೆಯುತ್ತಾರೆ. ‘ಸಿ’ ಪ್ರಮಾಣಪತ್ರದಲ್ಲಿ ತಕ್ಕ ಶ್ರೇಣಿ ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆಯಿಲ್ಲದೆ ಸೇನಾ ಅಧಿಕಾರಿ ಆಯ್ಕೆಯ ಸಂದರ್ಶನಕ್ಕೆ ಹೋಗುವ ವಿಶೇಷ ದಾರಿಯೂ ಇದೆ.

ಎನ್‌ಸಿಸಿಯ ಕಡ್ಡಾಯ ಮುಗಿದ ಮರುವರ್ಷವೇ ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರ ಬಾಯಲ್ಲಿ ಎನ್‌ಎಸ್‌ಎಸ್, ಹುಟ್ಟಿತು. ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಸೇವೆ ಮಾಡಬೇಕೆಂಬ ಮಾತು ಉನ್ನತ ಶಿಕ್ಷಣದ ಬಗ್ಗೆ ರಚನೆಯಾದ ರಾಧಾಕೃಷ್ಣನ್ ಆಯೋಗದ ಕಾಲದಿಂದಲೂ ಇತ್ತು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾವ್ ಅದನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ನೂರು ಸ್ವಯಂಸೇವಕರಿಗೆ ಒಂದು ಘಟಕ, ಘಟಕಕ್ಕೊಬ್ಬ ಅಧ್ಯಾಪಕ ಕಾರ್ಯಕ್ರಮಾಧಿಕಾರಿ, ಎರಡು ವರ್ಷಗಳಲ್ಲಿ 240 ಗಂಟೆಗಳ ಕೆಲಸ, ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ: ಇದು ಅದರ ಚೌಕಟ್ಟು.

ಆ ಏಳು ದಿನಗಳ ಶಿಬಿರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕರ್ನಾಟಕದ ಸಾವಿರಾರು ವಿದ್ಯಾರ್ಥಿಗಳಿಗೆ ಕಾಲೇಜಿನ ಸಂಘಜೀವನ ಎಂದರೆ ಇದೇ. ವಸತಿ ಸಾಮಾನ್ಯವಾಗಿ ಊರಿನ ಶಾಲೆಯ ಕೋಣೆಗಳಲ್ಲಿ. ಬೆಳಗ್ಗೆ ಬೇಗ ಎದ್ದು ಧ್ವಜಾರೋಹಣ, ತಿಂಡಿ, ಆಮೇಲೆ ಮಧ್ಯಾಹ್ನದವರೆಗೆ ಶ್ರಮದಾನ. ಚರಂಡಿ ತೆಗೆಯುವುದು, ಶಾಲೆಯ ಅಂಗಳ ಮಟ್ಟ ಮಾಡುವುದು, ಕಲ್ಯಾಣಿಯ ಹೂಳೆತ್ತುವುದು, ಇಂಗುಗುಂಡಿ ತೋಡುವುದು, ಗಿಡ ನೆಡುವುದು. ಊಟದ ನಂತರ ಮನೆಮನೆಗೆ ಹೋಗಿ ಸಮೀಕ್ಷೆ, ಆರೋಗ್ಯ ತಪಾಸಣೆ, ಇಲ್ಲವೇ ಉಪನ್ಯಾಸ. ರಾತ್ರಿ ಊರಿನವರ ಮುಂದೆ ಬೀದಿನಾಟಕ, ಕೋಲಾಟ, ಹಾಡು. ಅಡುಗೆ, ನೀರು, ಸ್ವಚ್ಛತೆ, ವರದಿ ಎಂದು ತಂಡಗಳಿರುತ್ತವೆ, ದಿನಕ್ಕೊಮ್ಮೆ ಸರದಿ ಬದಲಾಗುತ್ತದೆ. ಇಲ್ಲಿ ಕಲಿಯುವ ಮೊದಲ ಪಾಠ ಐವತ್ತು ಜನರಿಗೆ ಅನ್ನಕ್ಕೆ ಎಷ್ಟು ಅಕ್ಕಿ ಹಿಡಿಯುತ್ತದೆ ಎಂಬುದು. ಲೆಕ್ಕ ತಪ್ಪಿದ ದಿನ ಕೊನೆಯ ಪಂಕ್ತಿಯವರು ಕಾಯಬೇಕು.

ಅಡುಗೆಮನೆಯ ವಿಷಯ ಸಣ್ಣದಲ್ಲ. ಮನೆಯಲ್ಲಿ ತಟ್ಟೆ ತೊಳೆದು ಗೊತ್ತಿಲ್ಲದ ಹುಡುಗ ಶಿಬಿರದಲ್ಲಿ ಪಾತ್ರೆ ಉಜ್ಜುತ್ತಾನೆ, ಮೈಕಿನ ಮುಂದೆ ನಿಂತು ಗೊತ್ತಿಲ್ಲದ ಹುಡುಗಿ ಊರಿನವರ ಸಭೆಯನ್ನು ನಿರೂಪಿಸುತ್ತಾಳೆ. ಬೇರೆ ಬೇರೆ ಜಾತಿಗಳ ವಿದ್ಯಾರ್ಥಿಗಳು ಒಟ್ಟಿಗೆ ಬೇಯಿಸಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಕೆಲವರಿಗೆ ಬದುಕಿನಲ್ಲಿ ಅದೇ ಮೊದಲ ಸಲ. ಸಮೀಕ್ಷೆಗೆ ಹೋದಾಗ ಊರಿನ ಎಲ್ಲ ಕೇರಿಗಳನ್ನೂ ಹೊಕ್ಕು ಬರಬೇಕಾಗುತ್ತದೆ. ಯಾವ ಕೇರಿಗೆ ನಲ್ಲಿ ನೀರು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಸಮಾಜಶಾಸ್ತ್ರದ ಪುಸ್ತಕಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಶಿಬಿರದಿಂದ ಊರಿಗೆ ಆಗುವ ಉಪಕಾರಕ್ಕಿಂತ ವಿದ್ಯಾರ್ಥಿಗಳಿಗೆ ಆಗುವ ಉಪಕಾರವೇ ದೊಡ್ಡದು ಎಂದು ಒಪ್ಪಿಕೊಳ್ಳಬೇಕು. ಏಳು ದಿನದಲ್ಲಿ ತೋಡಿದ ಚರಂಡಿ ಮುಂದಿನ ಮಳೆಗಾಲದಲ್ಲಿ ಮುಚ್ಚಿಹೋಗಬಹುದು. ಅದೇ ಹಳ್ಳಿಗೆ ವರ್ಷವಿಡೀ ಹೋಗಿಬರುವ ಘಟಕಗಳು ಮಾತ್ರ ಊರಿಗೂ ನಿಜವಾಗಿ ಏನನ್ನಾದರೂ ಕೊಡುತ್ತವೆ. ದತ್ತು ಹಳ್ಳಿ ಎಂಬ ಕಲ್ಪನೆಯ ಉದ್ದೇಶವೂ ಅದೇ ಆಗಿತ್ತು.

ಪ್ರಾತಿನಿಧಿಕ ವಿದ್ಯಾರ್ಥಿ ಸಂಘದ ವಿಚಾರಕ್ಕೆ ಬಂದರೆ ಕರ್ನಾಟಕದ ಚಿತ್ರ ನೆರೆಯ ಕೇರಳಕ್ಕಿಂತ ತೀರ ಬೇರೆ. ಇಲ್ಲಿಯ ಕಾಲೇಜುಗಳಲ್ಲೂ ಒಂದು ಕಾಲಕ್ಕೆ ಚುನಾವಣೆಗಳು ಬಿರುಸಾಗಿ ನಡೆಯುತ್ತಿದ್ದವು. ಹೊಡೆದಾಟ, ಹಣದ ಹೊಳೆ, ಹೊರಗಿನವರ ಕೈವಾಡ ಹೆಚ್ಚಿದಾಗ 1980ರ ದಶಕದ ಕೊನೆಯ ಹೊತ್ತಿಗೆ ಸರ್ಕಾರ ಅವನ್ನು ನಿಲ್ಲಿಸಿತು. ಆಮೇಲೆ ಬಹುಪಾಲು ಕಾಲೇಜುಗಳಲ್ಲಿ ಪ್ರಾಂಶುಪಾಲರೇ ಅಧ್ಯಕ್ಷರು, ಒಬ್ಬ ಅಧ್ಯಾಪಕ ಸಂಚಾಲಕ. ತರಗತಿ ಪ್ರತಿನಿಧಿ ಮತ್ತು ಕಾರ್ಯದರ್ಶಿಗಳನ್ನು ಅಂಕಗಳ ಆಧಾರದ ಮೇಲೆ ಆರಿಸುವುದು, ಇಲ್ಲವೇ ತರಗತಿಯೊಳಗೆ ಚೀಟಿ ಹಾಕಿಸಿ ಆರಿಸುವುದು ರೂಢಿಯಾಯಿತು. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ಪ್ರತಿವರ್ಷ ಯೂನಿಯನ್ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಗಡಿಯಾಚೆಯ ಮಂಗಳೂರಿನಲ್ಲಿ ಓದುವ ಅವರ ನೆಂಟರಿಗೆ ಅಂಥ ಚುನಾವಣೆಯಿಲ್ಲ.

ಚುನಾವಣೆಯ ಕೆಡುಕುಗಳನ್ನು ತಡೆಯಲು ಚುನಾವಣೆಯನ್ನೇ ತೆಗೆಯಬೇಕಿಲ್ಲ ಎಂಬುದಕ್ಕೆ ಲಿಂಗ್ಡೊ ಸಮಿತಿಯ ವರದಿ ಆಧಾರ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಈ ಸಮಿತಿಗೆ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ. ಎಂ. ಲಿಂಗ್ಡೊ ಅಧ್ಯಕ್ಷರು. ಅದರ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು ನ್ಯಾಯಾಲಯ 2006ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಬಾರದು. ಪದವಿ ವಿದ್ಯಾರ್ಥಿಯ ವಯಸ್ಸು 17ರಿಂದ 22ರ ಒಳಗಿರಬೇಕು. ಹಾಜರಾತಿ ಶೇ. 75 ಇರಬೇಕು, ಬಾಕಿ ಉಳಿದ ವಿಷಯಗಳಿರಬಾರದು. ಅಚ್ಚು ಹಾಕಿಸಿದ ಪೋಸ್ಟರುಗಳಿಗೆ ಅವಕಾಶವಿಲ್ಲ, ಪದಾಧಿಕಾರಿಯ ಸ್ಥಾನಕ್ಕೆ ಒಮ್ಮೆ ಮಾತ್ರ ಸ್ಪರ್ಧಿಸಬಹುದು. ಈ ನಿಯಮಗಳಲ್ಲಿ ಕೆಲವು ಬಿಗಿಯಾದವು, ವಯಸ್ಸಿನ ಮಿತಿಯಂತೂ ತಡವಾಗಿ ಓದಿಗೆ ಬಂದವರನ್ನು ಹೊರಗಿಡುತ್ತದೆ. ಆದರೂ ಸಮಿತಿಯ ಮೂಲ ನಿಲುವು ಸರಿಯಾದದ್ದು: ವಿದ್ಯಾರ್ಥಿಗಳ ಪ್ರತಿನಿಧಿಗಳನ್ನು ವಿದ್ಯಾರ್ಥಿಗಳೇ ಆರಿಸಬೇಕು. ಹದಿನೆಂಟು ತುಂಬಿದವರು ವಿಧಾನಸಭೆಗೆ ಮತ ಹಾಕಲು ಯೋಗ್ಯರು, ತಮ್ಮ ತರಗತಿಯ ಪ್ರತಿನಿಧಿಯನ್ನು ಆರಿಸಲು ಯೋಗ್ಯರಲ್ಲ ಎಂಬ ವಾದ ನಿಲ್ಲುವುದಿಲ್ಲ. ಅತಿ ಹೆಚ್ಚು ಅಂಕ ಪಡೆದವರು ಒಳ್ಳೆಯ ಪ್ರತಿನಿಧಿಗಳೂ ಆಗುತ್ತಾರೆ ಎಂಬುದಕ್ಕೂ ಆಧಾರವಿಲ್ಲ.

ಪಕ್ಷಗಳ ಒಲವಿನ ಸಂಘಟನೆಗಳಿಗೂ ದೀರ್ಘ ಇತಿಹಾಸವಿದೆ. ಅಖಿಲ ಭಾರತ ವಿದ್ಯಾರ್ಥಿ ಫೆಡರೇಷನ್ 1936ರಲ್ಲಿ ಲಖನೌನಲ್ಲಿ ಹುಟ್ಟಿತು. ಎಬಿವಿಪಿ 1949ರಲ್ಲಿ ನೋಂದಣಿಯಾಯಿತು, ಎಸ್‌ಎಫ್‌ಐ 1970ರಲ್ಲಿ, ಎನ್‌ಎಸ್‌ಯುಐ 1971ರಲ್ಲಿ ಆರಂಭವಾದವು. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 1947ರಲ್ಲಿ ನಡೆದ ‘ಮೈಸೂರು ಚಲೋ’ ಚಳವಳಿಯಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದದ್ದು ಪ್ರಸಿದ್ಧ. ಬಸ್ ಪಾಸ್, ವಿದ್ಯಾರ್ಥಿವೇತನ, ಹಾಸ್ಟೆಲ್ ಊಟ, ಶುಲ್ಕ ಏರಿಕೆಯಂಥ ಪ್ರಶ್ನೆಗಳನ್ನು ಇಂದಿಗೂ ಈ ಸಂಘಟನೆಗಳೇ ಎತ್ತುತ್ತವೆ. ಸೇರುವವರು ಸಂಘಟನೆಯ ವಿಚಾರಗಳನ್ನು ಓದಿ ತಿಳಿದು ಸೇರಬೇಕು. ಗೆಳೆಯರು ಕರೆದರೆಂದು ಹೋಗಿ ಪೊಲೀಸ್ ಪ್ರಕರಣದಲ್ಲಿ ಹೆಸರು ಬರೆಸಿಕೊಂಡವರ ಮುಂದೆ, ಕೆಲಸಕ್ಕೆ ಸೇರುವ ಹೊತ್ತಿನ ಪೂರ್ವಾಪರ ಪರಿಶೀಲನೆಯಲ್ಲಿ, ಅದು ಎದ್ದು ನಿಲ್ಲುತ್ತದೆ.

ಸಂಘ ಯಾವುದೇ ಇರಲಿ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಸಭೆ ಕರೆಯಬೇಕು, ಸಭೆಯ ವಿಷಯಪಟ್ಟಿಯನ್ನು ಮೊದಲೇ ತಿಳಿಸಬೇಕು, ಕೋರಂ ಇದೆಯೇ ನೋಡಬೇಕು, ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಬೇಕು. ನಡಾವಳಿ ಬರೆಯುವುದು ಬೇಸರದ ಕೆಲಸದಂತೆ ಕಾಣುತ್ತದೆ. ಆದರೆ ಹತ್ತು ಜನ ಒಂದು ಗಂಟೆ ಆಡಿದ ಮಾತಿನಿಂದ ಏನು ತೀರ್ಮಾನವಾಯಿತು, ಯಾರು ಏನು ಮಾಡಬೇಕು, ಯಾವತ್ತಿನೊಳಗೆ ಮಾಡಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಹಿಡಿಯಲು ಬಲ್ಲವರು ಯಾವ ಕಚೇರಿಯಲ್ಲೂ ಸುಲಭವಾಗಿ ಸಿಗುವುದಿಲ್ಲ. ಸಹಕಾರ ಸಂಘ, ಗ್ರಾಮ ಪಂಚಾಯಿತಿ, ಮಹಿಳಾ ಸ್ವಸಹಾಯ ಗುಂಪುಗಳೆಲ್ಲ ನಡೆಯುವುದು ಇದೇ ಪುಸ್ತಕದ ಮೇಲೆ.

ಹಣದ ವ್ಯವಹಾರದಲ್ಲಿ ಇನ್ನೂ ಎಚ್ಚರ ಬೇಕು. ಪ್ರವೇಶದ ಹೊತ್ತಿನಲ್ಲಿ ಶುಲ್ಕದ ಜೊತೆಗೆ ಕ್ರೀಡೆ, ವಾರ್ಷಿಕ ಸಂಚಿಕೆ, ಸಂಘದ ಚಟುವಟಿಕೆಗಳ ಬಾಬ್ತು ಎಂದು ಪ್ರತಿಯೊಬ್ಬರಿಂದ ಹಣ ಪಡೆಯುವ ಪದ್ಧತಿ ಬಹಳ ಕಾಲೇಜುಗಳಲ್ಲಿದೆ. ಅದರಲ್ಲಿ ತಮ್ಮ ಸಂಘಕ್ಕೆ ಎಷ್ಟು ಬಂತು ಎಂದು ತಿಳಿಯುವ ಹಕ್ಕು ವಿದ್ಯಾರ್ಥಿಗಳಿಗೆ ಇದೆ, ಕೇಳುವವರು ಮಾತ್ರ ಕಡಿಮೆ. ಶಾಮಿಯಾನ, ಧ್ವನಿವರ್ಧಕ, ಹಾರ, ಅತಿಥಿಯ ಪ್ರಯಾಣ, ಚಹಾ, ಪ್ರಶಸ್ತಿಪತ್ರದ ಅಚ್ಚು, ಪ್ರತಿಯೊಂದಕ್ಕೂ ರಶೀದಿ ಪಡೆದು ವೋಚರ್‌ಗೆ ಅಂಟಿಸಿ, ಖರ್ಚಿನ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕುವ ಸಂಘದಲ್ಲಿ ಜಗಳ ಕಡಿಮೆ. ಹೊರಗಿನ ಪ್ರಾಯೋಜಕರಿಂದ ಹಣ ಪಡೆಯುವ ದೊಡ್ಡ ಉತ್ಸವಗಳಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿ ಮೂರು ವರ್ಷ ಲೆಕ್ಕಶಾಸ್ತ್ರ ಓದಿ, ತನ್ನ ಸಂಘದ ನಗದು ಪುಸ್ತಕವನ್ನು ಒಮ್ಮೆಯೂ ಬರೆಯದೆ ಹೊರಬೀಳುವುದು ದೊಡ್ಡ ನಷ್ಟ.

ಇಲ್ಲಿ ಅಧ್ಯಾಪಕರ ಪಾತ್ರ ನಿರ್ಣಾಯಕ. ಬಹಳಷ್ಟು ಕಾಲೇಜುಗಳಲ್ಲಿ ಸಂಘಕ್ಕೆ ವರ್ಷದಲ್ಲಿ ಎರಡೇ ಕಾರ್ಯಕ್ರಮ: ಉದ್ಘಾಟನೆ ಮತ್ತು ಸಮಾರೋಪ. ಅತಿಥಿಯನ್ನು ಗೊತ್ತು ಮಾಡುವವರು, ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವವರು, ವೇದಿಕೆಯ ಮೇಲೆ ಕೂರುವವರು ಎಲ್ಲ ಅಧ್ಯಾಪಕರೇ. ವಿದ್ಯಾರ್ಥಿಗಳ ಪಾಲಿಗೆ ಪ್ರಾರ್ಥನೆ, ವಂದನಾರ್ಪಣೆ ಮತ್ತು ಕುರ್ಚಿ ಹಾಕುವ ಕೆಲಸ ಉಳಿಯುತ್ತದೆ. ಇದರಲ್ಲಿ ದುರುದ್ದೇಶವಿಲ್ಲ. ಕಾರ್ಯಕ್ರಮ ಕೆಡಬಾರದು, ಅತಿಥಿಗೆ ಅವಮಾನವಾಗಬಾರದು ಎಂಬ ಕಾಳಜಿಯೇ ಕಾರಣ. ಆದರೆ ತಪ್ಪಾಗಲು ಅವಕಾಶವಿಲ್ಲದ ಕಡೆ ಕಲಿಯಲೂ ಅವಕಾಶವಿಲ್ಲ. ಅತಿಥಿಗೆ ಪತ್ರ ಬರೆಯುವುದು, ಫೋನಿನಲ್ಲಿ ಮಾತಾಡಿ ದಿನಾಂಕ ಗೊತ್ತು ಮಾಡುವುದು, ಅವರ ಪುಸ್ತಕ ಓದಿ ಪರಿಚಯ ಸಿದ್ಧಪಡಿಸುವುದು, ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಇವೆಲ್ಲವನ್ನೂ ವಿದ್ಯಾರ್ಥಿಗಳಿಗೆ ಬಿಟ್ಟು ಸಂಚಾಲಕ ಹಿಂದೆ ನಿಲ್ಲಬೇಕು. ಕೃಷ್ಣಶಾಸ್ತ್ರಿ, ಶ್ರೀನಿವಾಸರಾಜು ಅವರಂಥ ಅಧ್ಯಾಪಕರಿದ್ದ ಕಡೆ ಸಂಘಗಳು ಬೆಳೆದವು ನಿಜ. ಆದರೆ ಅಂಥವರು ಸಂಘಕ್ಕೆ ಒಂದು ದೊಡ್ಡ ಗುರಿಯನ್ನು ತೋರಿಸಿ, ಹೊಸಬರ ಬರಹಕ್ಕೆ ಜಾಗ ಬಿಟ್ಟುಕೊಟ್ಟರು.

ಸಂಘಗಳಲ್ಲಿ ತೊಡಗಿದರೆ ಓದು ಕೆಡುತ್ತದೆ ಎಂಬ ಅಂಜಿಕೆ ತಂದೆತಾಯಿಗಳಲ್ಲಿ ಸಾಮಾನ್ಯ. ಅಮೆರಿಕದ ಶಿಕ್ಷಣತಜ್ಞ ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ಮಂಡಿಸಿದ ಸಿದ್ಧಾಂತ ಈ ಅಂಜಿಕೆಗೆ ಬೇರೆ ದಿಕ್ಕು ತೋರಿಸುತ್ತದೆ. ಕಾಲೇಜಿನ ಬದುಕಿಗೆ ವಿದ್ಯಾರ್ಥಿ ಎಷ್ಟು ಮನಸ್ಸು ಮತ್ತು ಶ್ರಮ ಕೊಡುತ್ತಾನೋ ಅಷ್ಟೇ ಕಲಿಕೆ ಅವನಿಗೆ ದಕ್ಕುತ್ತದೆ ಎಂಬುದು ಅದರ ತಿರುಳು. ಆ ಬದುಕಿನಲ್ಲಿ ಪಾಠ, ಗ್ರಂಥಾಲಯ, ಅಧ್ಯಾಪಕರ ಒಡನಾಟ, ಸಂಘ ಎಲ್ಲವೂ ಸೇರಿವೆ. ಮುಂದೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಸಹಪಾಠಿಗಳ ಗುಂಪೇ ವಿದ್ಯಾರ್ಥಿಯ ಬೆಳವಣಿಗೆಯ ಮೇಲೆ ಎಲ್ಲಕ್ಕಿಂತ ಗಾಢವಾದ ಪ್ರಭಾವ ಬೀರುತ್ತದೆ ಎಂಬ ನಿರ್ಣಯಕ್ಕೆ ಅವರು ಬಂದರು. ಕಾಲೇಜಿನಲ್ಲಿ ಯಾರೂ ತನ್ನವರಿಲ್ಲ ಎನಿಸಿದ ವಿದ್ಯಾರ್ಥಿ ಓದನ್ನು ಅರ್ಧಕ್ಕೆ ಬಿಡುವ ಸಂಭವ ಹೆಚ್ಚು. ಹಳ್ಳಿಯಿಂದ ನಗರದ ಕಾಲೇಜಿಗೆ ಬಂದವರಿಗೆ, ಮನೆಯಲ್ಲಿ ಮೊದಲ ಸಲ ಪದವಿಯ ಮೆಟ್ಟಿಲು ಹತ್ತಿದವರಿಗೆ, ಒಂದು ಸಂಘದ ನಂಟು ಕಾಲೇಜಿನಲ್ಲಿ ಉಳಿಯಲು ಆಸರೆಯಾಗಬಲ್ಲದು. ಅತಿಯಾದರೆ ಕೆಡುಕು ಎಂಬುದೂ ಅಷ್ಟೇ ನಿಜ. ಐದಾರು ಸಂಘಗಳಿಗೆ ಹೆಸರು ಕೊಟ್ಟು ಯಾವುದರಲ್ಲೂ ನಿಲ್ಲದವರು, ಉತ್ಸವದ ಓಡಾಟದಲ್ಲಿ ಆಂತರಿಕ ಪರೀಕ್ಷೆ ತಪ್ಪಿಸಿಕೊಂಡವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ಸೆಮಿಸ್ಟರ್ ಪದ್ಧತಿಯಲ್ಲಿ ಬಿಡುವು ಕಡಿಮೆಯಾದ್ದರಿಂದ ಒಂದೆರಡು ಸಂಘಗಳನ್ನು ಆರಿಸಿ ನೆಟ್ಟಗೆ ಕೆಲಸ ಮಾಡುವುದು ಜಾಣತನ.

ಪಾಲ್ಗೊಳ್ಳುವಿಕೆಗೆ ಅಂಕ ಕೊಡುವ ಪದ್ಧತಿ ಈಚೆಗೆ ಬೆಳೆದಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ವರ್ಷಗಳಲ್ಲಿ 100 ಚಟುವಟಿಕೆ ಅಂಕಗಳನ್ನು ಗಳಿಸಬೇಕೆಂದು ಎಐಸಿಟಿಇ ರೂಪಿಸಿದ ಯೋಜನೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲೂ ಇದೆ. ಪಾಠದ ಹೊರಗಿನ ಕೆಲಸಕ್ಕೆ ಮನ್ನಣೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಗಿಡ ನೆಟ್ಟ ಫೋಟೊ, ಪ್ರಮಾಣಪತ್ರ, ಸಹಿ ಸಿಕ್ಕಿದೊಡನೆ ಕೆಲಸ ಮುಗಿಯಿತೆಂಬ ಭಾವನೆ ಬೆಳೆದರೆ ಕಡ್ಡಾಯ ಎನ್‌ಸಿಸಿಯ ಐದು ವರ್ಷಗಳ ಅನುಭವವೇ ಮರುಕಳಿಸುತ್ತದೆ. ನೆಟ್ಟ ಗಿಡ ಮರುವರ್ಷ ಬದುಕಿದೆಯೇ ಎಂದು ನೋಡಿ ಅಂಕ ಕೊಡುವುದು ಇದಕ್ಕಿಂತ ಸರಿ.

ಸಂಘಗಳ ಬಗ್ಗೆ ಮಾತಾಡುವಾಗ ಹೊರಗುಳಿದವರ ಮಾತು ಬರುವುದೇ ಕಡಿಮೆ. ಸಂಜೆ ನಾಲ್ಕರ ಬಸ್ಸು ತಪ್ಪಿದರೆ ರಾತ್ರಿಯವರೆಗೆ ಊರಿಗೆ ಬಸ್ಸಿಲ್ಲದ ವಿದ್ಯಾರ್ಥಿನಿ ಸಂಜೆಯ ನಾಟಕದ ತಾಲೀಮಿಗೆ ನಿಲ್ಲಲಾರಳು. ಬೆಳಗ್ಗೆ ಪತ್ರಿಕೆ ಹಂಚಿ, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ದುಡಿಯುವ ಹುಡುಗ ಶನಿವಾರದ ಸಭೆಗೆ ಬರಲಾರ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನಲ್ಲೇ ನಡೆಯುವ ಚರ್ಚಾಕೂಟದ ಬಾಗಿಲಲ್ಲೇ ನಿಲ್ಲುತ್ತಾರೆ. ವೇಷಭೂಷಣಕ್ಕೆ, ಪ್ರವಾಸಕ್ಕೆ ಹಣ ಕೊಡಬೇಕಾದಾಗ ಬಡವರು ಹೇಳದೆ ಹಿಂದೆ ಸರಿಯುತ್ತಾರೆ. ಕೊನೆಗೆ ಪದಾಧಿಕಾರಿಗಳಾಗುವವರು ಊರಿನಲ್ಲೇ ಮನೆಯಿರುವ, ಕೈಯಲ್ಲಿ ಸ್ವಲ್ಪ ಕಾಸಿರುವ, ಮಾತು ಬಲ್ಲ ಕೆಲವೇ ಮಂದಿ. ಆ ಸಂಘ ಎಷ್ಟೇ ಚೆನ್ನಾಗಿ ನಡೆದರೂ ಅದನ್ನು ಕಾಲೇಜಿನ ಸಂಘ ಎನ್ನಲಾಗದು. ತೊಂದರೆಗೊಳಗಾದವರ ದೂರು ಕೇಳುವ ಸಮಿತಿಗಳಲ್ಲಿ ಈ ಕೊರತೆ ಇನ್ನೂ ಗಂಭೀರ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ ರೂಪಿಸಿದ 2015ರ ನಿಯಮಗಳ ಪ್ರಕಾರ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಆಂತರಿಕ ದೂರು ಸಮಿತಿಯಲ್ಲಿ ಪಾರದರ್ಶಕವಾಗಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಇರಬೇಕು. ಆ ಮೂವರು ಯಾರು ಎಂಬುದು ಕಾಲೇಜಿನ ಪ್ರತಿ ವಿದ್ಯಾರ್ಥಿನಿಗೂ ತಿಳಿದಿರಬೇಕು.

ಹೊಸ ವಿದ್ಯಾರ್ಥಿ ಸಂಘಕ್ಕೆ ಸೇರಲು ವಿಶೇಷ ಪ್ರತಿಭೆ ಬೇಕಿಲ್ಲ. ಮೊದಲ ವರ್ಷ ಎರಡು ಮೂರು ಸಂಘಗಳ ಸಭೆಗಳಿಗೆ ಹೋಗಿ ಕೂತು ನೋಡಿದರೆ ಸಾಕು. ಯಾವುದು ಕೆಲಸ ಮಾಡುತ್ತದೆ, ಯಾವುದು ಫಲಕಕ್ಕೆ ಮಾತ್ರ ಸೀಮಿತ ಎಂಬುದು ಬೇಗ ತಿಳಿಯುತ್ತದೆ. ಕೇಳಿ ಪಡೆಯಬೇಕಾದದ್ದು ಸಣ್ಣ ಕೆಲಸ: ಭಿತ್ತಿಪತ್ರಿಕೆಯ ಅಂದವಾದ ಬರಹ, ಸ್ಪರ್ಧೆಯ ಹೆಸರು ನೋಂದಣಿ, ವರದಿಯನ್ನು ಪತ್ರಿಕಾ ಕಚೇರಿಗೆ ತಲುಪಿಸುವುದು. ಹಿಡಿದ ಸಣ್ಣ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸಿಕೊಟ್ಟವರಿಗೆ ಎರಡನೆಯ ವರ್ಷ ದೊಡ್ಡ ಜವಾಬ್ದಾರಿ ತಾನಾಗಿ ಬರುತ್ತದೆ. ಆಸಕ್ತಿಗೆ ತಕ್ಕ ಸಂಘವೇ ಇಲ್ಲದಿದ್ದರೆ ಹತ್ತು ಜನರ ಸಹಿ ಹಾಕಿಸಿ ಒಂದು ಉದ್ದೇಶಪತ್ರ ಬರೆದು ಪ್ರಾಂಶುಪಾಲರಿಗೆ ಕೊಡಬಹುದು. ಹಕ್ಕಿ ವೀಕ್ಷಣೆ, ಸಿನಿಮಾ ಓದು, ಊರಿನ ಶಾಸನಗಳ ಪ್ರತಿ ಮಾಡುವುದು, ಯಕ್ಷಗಾನ, ಇವುಗಳಿಗೆ ಹೆಚ್ಚಿನ ಹಣವೂ ಬೇಕಿಲ್ಲ.

ಮೂರನೆಯ ವರ್ಷದ ಮುಖ್ಯ ಕೆಲಸ ಬಿಟ್ಟುಕೊಡುವುದು. ಪದವಿ ಮೂರು ವರ್ಷದ್ದಾದ್ದರಿಂದ ಸಂಘದ ನೆನಪೂ ಮೂರೇ ವರ್ಷದ್ದು. ಹಿಂದಿನವರು ಯಾರನ್ನು ಕರೆದಿದ್ದರು, ಶಾಮಿಯಾನಕ್ಕೆ ಎಷ್ಟು ಕೊಟ್ಟಿದ್ದರು, ಯಾವ ಊರಿನಲ್ಲಿ ಶಿಬಿರಕ್ಕೆ ನೀರಿಲ್ಲದೆ ಕಷ್ಟವಾಯಿತು ಎಂಬುದನ್ನೆಲ್ಲ ಹೊಸ ಕಾರ್ಯದರ್ಶಿ ಮತ್ತೆ ಮೊದಲಿನಿಂದ ಕಲಿಯುತ್ತಾನೆ. ನಡಾವಳಿ ಪುಸ್ತಕ, ಲೆಕ್ಕದ ಪುಸ್ತಕ, ವಿಳಾಸಗಳ ಪಟ್ಟಿಯನ್ನು ಕೊನೆಯ ಪರೀಕ್ಷೆಗೆ ಮುನ್ನವೇ ಕಿರಿಯರ ಕೈಗೆ ಒಪ್ಪಿಸಿ, ಒಂದು ಸಂಜೆ ಕೂತು ವಿವರಿಸಿ ಹೋಗುವ ಪದ್ಧತಿ ಎಲ್ಲ ಕಾಲೇಜುಗಳಲ್ಲೂ ಬರಬೇಕು.

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಗಳಲ್ಲಿ ಕೇಳಿಕೊಳ್ಳಬೇಕಾದದ್ದು ಒಂದಿದೆ. ವಾರದ ವೇಳಾಪಟ್ಟಿಯಲ್ಲಿ, ಹಳ್ಳಿಯ ಬಸ್ಸು ಹೊರಡುವ ಮೊದಲು, ಒಂದು ಅವಧಿಯನ್ನು ಸಂಘಗಳಿಗೆಂದೇ ಬಿಡಬೇಕು. ಆ ಅವಧಿಯಲ್ಲಿ ವಿಶೇಷ ತರಗತಿ, ಕಿರುಪರೀಕ್ಷೆ ಯಾವುದನ್ನೂ ಇಡಬಾರದು. ಸಭೆಯನ್ನು ವಿದ್ಯಾರ್ಥಿಗಳೇ ನಡೆಸಲಿ, ಲೆಕ್ಕವನ್ನು ಅವರೇ ಬರೆಯಲಿ, ವರ್ಷದ ಕೊನೆಗೆ ಅದನ್ನು ಎಲ್ಲರ ಮುಂದೆ ಓದಲಿ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಹೊತ್ತಿಗೇ ಇದನ್ನು ಜಾರಿಗೆ ತರಬಹುದು.